ಕಣ್ಗಾವಲು ಕ್ಯಾಮೆರಾ ಮತ್ತು ಅಂಗಡಿಯ ಕಸ

ಹಿರೇಕೆರೂರು ತಾಲೂಕಿನ ಅಬಲೂರು, ಏಕಾಂತದ ರಾಮಯ್ಯನ ಶಾಸನದಿಂದ ಇತಿಹಾಸಕಾರರಿಗೂ, ಸರ್ವಜ್ಞನ ಹೆಸರಿನಿಂದ ಜನಸಾಮಾನ್ಯರಿಗೂ ಪರಿಚಿತವಾದ ಗ್ರಾಮ. ಇಂತಹ ಊರುಗಳಿಗೆ ಬರುವ ಪ್ರವಾಸಿಗಳಿಂದ ವ್ಯಾಪಾರಕ್ಕೆ ಲಾಭ. ರಸ್ತೆ ಬದಿಯ ಕಸದ ರಾಶಿಯಿಂದ ಅದೇ ವ್ಯಾಪಾರಕ್ಕೆ ನಷ್ಟ. ರಾತ್ರಿ ಕದ್ದು ಕಸ ಸುರಿಯುವವರನ್ನು ತಡೆಯಲು ಒಂದು ಕ್ಯಾಮೆರಾ ಹಾಕಿದರೆ ಸಾಕೆಂದು ಅನೇಕ ವರ್ತಕರು ಭಾವಿಸುವುದು ಸಹಜ. ಈ ಉಪಾಯದ ಫಲವೆಷ್ಟು, ಮಿತಿಯೆಷ್ಟು ಎಂಬುದನ್ನು ಬೆಂಗಳೂರಿನ ಅನುಭವದಿಂದ ಅರಿಯಬಹುದು.

ರಾಜಧಾನಿಯಲ್ಲಿ ಪದೇ ಪದೇ ಕಸ ಬೀಳುವ ಜಾಗಗಳನ್ನು 'ಬ್ಲ್ಯಾಕ್ ಸ್ಪಾಟ್' ಎಂದು ಗುರುತಿಸಿ, ಶುಚಿಗೊಳಿಸಿ, ರಂಗೋಲಿ ಬಿಡಿಸಿ, ಹಲವೆಡೆ ಕ್ಯಾಮೆರಾಗಳನ್ನೂ ಅಳವಡಿಸಲಾಯಿತು. ಕೆಲವೆಡೆ ರಾಶಿ ಮಾಯವಾಯಿತು. ಕೆಲವೆಡೆ ಪಕ್ಕದ ತಿರುವಿಗೆ ಸರಿಯಿತು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯು ರಸ್ತೆಯಲ್ಲಿ ಕಸ ಎಸೆಯುವವರನ್ನು ಮಾರ್ಷಲ್‌ಗಳ ಮೂಲಕ ಚಿತ್ರೀಕರಿಸಿ, ಅವರ ಮನೆಯ ಮುಂದೆಯೇ ಕಸ ಸುರಿದು ದಂಡ ವಿಧಿಸಿತು. ಚಿತ್ರದ ಬೆನ್ನಿಗೆ ಕ್ರಮ ಜರುಗಿಸುವ ಸಿಬ್ಬಂದಿ ಇದ್ದಾಗ ಮಾತ್ರ ಕ್ಯಾಮೆರಾಕ್ಕೆ ಬೆಲೆ ಎಂಬುದು ಇದರಿಂದ ಸ್ಪಷ್ಟ.

ಕ್ಯಾಮೆರಾ ಕೊಳ್ಳುವ ಮುನ್ನ ಕೆಲವು ಅಂಶಗಳು ಗಮನಾರ್ಹ. ಅಂಗಡಿಯ ಬಾಗಿಲು ಕಾಯುವ ಸಾಮಾನ್ಯ ಕ್ಯಾಮೆರಾವು ರಾತ್ರಿ ವಾಹನದ ದೀಪದ ಪ್ರಖರತೆಯಲ್ಲಿ ನಂಬರ್ ಪ್ಲೇಟನ್ನು ಓದಲಾರದು. ಅದಕ್ಕೆ ವಾಹನ ಹಾದುಹೋಗುವ ಕಿರಿದಾದ ಜಾಗಕ್ಕೇ ಗುರಿಯಿಟ್ಟ, ಇನ್‌ಫ್ರಾರೆಡ್ ಬೆಳಕಿನ ಪ್ರತ್ಯೇಕ ಕ್ಯಾಮೆರಾ ಬೇಕು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಸಹ ಅವಶ್ಯ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು. ಅಂತಹ ವರ್ತಕರು ಈಗಿರುವ ವ್ಯವಸ್ಥೆಗೆ ರಸ್ತೆಯತ್ತ ಮುಖ ಮಾಡಿದ ಒಂದು ಕ್ಯಾಮೆರಾ ಸೇರಿಸಿದರೆ ವೆಚ್ಚ ಮಿತವಾಗುತ್ತದೆ.

ಪ್ರಕರಣವು ನ್ಯಾಯಾಲಯಕ್ಕೆ ಹೋದಲ್ಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ದೃಶ್ಯದೊಡನೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಆದ್ದರಿಂದ ಮೂಲ ದೃಶ್ಯವನ್ನು ಅಳಿಸದೆ ಕಾಪಾಡುವುದು ಒಳಿತು. ಅದನ್ನು ಮೊಬೈಲ್‌ಗಳಲ್ಲಿ ಹಂಚಿ ನೆರೆಯವರ ಮಾನ ಹರಾಜು ಹಾಕುವುದು ಸಲ್ಲದು. ಪಂಚಾಯಿತಿಗೋ ಪೊಲೀಸರಿಗೋ ಒಪ್ಪಿಸುವುದೇ ಸರಿ.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಇನ್ನೊಂದಿದೆ. ರಸ್ತೆ ಬದಿಯ ರಾಶಿಯಲ್ಲಿ ಕಾಣುವ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹಾಳೆ, ಒಡೆದ ಬಾಟಲಿಗಳಲ್ಲಿ ಅಂಗಡಿ, ಕಾರ್ಖಾನೆಗಳ ಪಾಲೂ ಇರುತ್ತದೆ. ಸಾಗಣೆಗೆ ಹಣ ಪಡೆದ ಆಟೋದವನು ಅದನ್ನು ಎಲ್ಲಿ ಸುರಿಯುತ್ತಾನೆಂದು ಮಾಲೀಕರು ವಿಚಾರಿಸದೆ ಇದ್ದರೆ, ಕ್ಯಾಮೆರಾದಲ್ಲಿ ಸಿಕ್ಕಿಬೀಳುವುದು ಅವರದೇ ಸರಕಿನ ಚೀಟಿ ಆದೀತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮಗಳಿಗೂ ಅನ್ವಯಿಸುತ್ತವೆ ಎಂಬುದನ್ನು ಮರೆಯಲಾಗದು.

ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ'ಗಳಿದ್ದು, ಸ್ವಸಹಾಯ ಸಂಘಗಳ ಮಹಿಳೆಯರು ಒಣಕಸವನ್ನು ಸಂಗ್ರಹಿಸಿ ವಿಂಗಡಿಸುತ್ತಾರೆ. ಪೇಟೆಯ ವರ್ತಕರು ಒಟ್ಟಾಗಿ ಅವರೊಡನೆ ಮಾಸಿಕ ಶುಲ್ಕದ ಒಪ್ಪಂದ ಮಾಡಿಕೊಂಡರೆ ಕಸಕ್ಕೊಂದು ದಾರಿ ಸಿಗುತ್ತದೆ. ಆ ದಾರಿಯನ್ನು ಮೊದಲು ಮಾಡಿ, ಅದನ್ನು ಮೀರುವವರಿಗಾಗಿ ಕ್ಯಾಮೆರಾ ಇಡುವುದು ವಿವೇಕ. ಕಸ ಹಾಕಲು ಜಾಗವೇ ಇಲ್ಲದ ಊರಿನಲ್ಲಿ ಕ್ಯಾಮೆರಾ ತಪ್ಪನ್ನು ತೋರಿಸೀತೇ ಹೊರತು ತಡೆಯಲಾರದು.