ಬುದ್ಧಿಮಾತಿಗಿಂತ ಮೊದಲು ಸೂರು
ಯಳವಿ: ಹರೆಯದ ಮಕ್ಕಳಿಗೆ ‘ಮದುವೆ ತನಕ ಶೀಲ ಕಾಯ್ದುಕೊಳ್ಳಿ’ ಎಂದು ಚರ್ಚಿನ ಹಿರಿಯರು ತಿಳಿಹೇಳುವುದುಂಟು. 1993ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಇದಕ್ಕೆ ಪ್ರತಿಜ್ಞಾಪತ್ರವನ್ನೇ ಬರೆಸತೊಡಗಿದರು. ಆದರೆ ನಮ್ಮ ಸೀಮೆಯಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಕೇಳಿದವರಾದರೂ ಯಾರು?

1901ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಕಡೆ ಗುಡಿಯಿಂದ ಓಡಿಬಂದ ಬಾಲಕಿಯನ್ನು ಮಿಷನರಿ ಏಮಿ ಕಾರ್ಮೈಕಲ್ ಬರೇ ಬುದ್ಧಿ ಹೇಳಿ ಕಳಿಸಲಿಲ್ಲ, ಮನೆಯಲ್ಲೇ ಇಟ್ಟುಕೊಂಡರು. ಮುಂದೆ ದೋಣಾವೂರಿನಲ್ಲಿ ಇಂಥ ನೂರಾರು ಮಕ್ಕಳಿಗೆ ಊಟ, ಓದು, ಪ್ರಾರ್ಥನೆ ಒಂದೇ ಕಡೆ ಸಿಕ್ಕವು.

ಜತ್ತಕ್ಕೆ ಹತ್ತಿದ ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಘ, ಮತಧರ್ಮದ ಮಾತಿಲ್ಲದೆ, 1985ರಿಂದ ಇದೇ ಕೆಲಸಕ್ಕಿಳಿಯಿತು. ದೇವದಾಸಿಯರ ಮಕ್ಕಳಿಗೆ ಮಲಾಬಾದದಲ್ಲಿ ವಸತಿ ಶಾಲೆ ತೆರೆಯಿತು.

ಮುತ್ತು ಕಟ್ಟುವುದರ ವಿರುದ್ಧ ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ಕಾಯ್ದೆ ಮಾಡಿದವು. ಅಂಥ ಸುದ್ದಿ ಕಿವಿಗೆ ಬಿದ್ದರೆ ಗಡಿಯ ಯಾವ ಕಡೆಯಿಂದಲೂ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.