ನಿಮಗಿದು ಗೊತ್ತೆ?: ಕಡಲತೀರದ ಮದುವೆಗೆ ಅಲ್ಲಿಯದೇ ಹೂವು

ಉಡುಪಿ ಕಡೆಯ ಕಡಲತೀರದಲ್ಲಿ ಮದುವೆ ಇಟ್ಟುಕೊಂಡು, ದೂರದಿಂದ ಪೆಟ್ಟಿಗೆಗಟ್ಟಲೆ ಹೂವು ತರಿಸುವವರಿದ್ದಾರೆ. ಪಕ್ಕದ ಶಂಕರಪುರದಲ್ಲೇ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ ಬೆಳೆಯುತ್ತದೆ! ಇದನ್ನು ತೂಗಿ ಮಾರುವುದಿಲ್ಲ, ಎಣಿಸಿ ಮಾರುತ್ತಾರೆ. ಸುಮಾರು 800 ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೇಸಿಗೆಯಲ್ಲಿ ಹೂವು ಹೇರಳ, ಮಳೆ ಮತ್ತು ಚಳಿಯಲ್ಲಿ ವಿರಳ.

ಮಂಟಪಕ್ಕೆ ಅಡಿಕೆಯ ಹಿಂಗಾರ, ಮಾವಿನ ತೋರಣ ಇದ್ದರೆ ಅದರ ಚೆಲುವೇ ಬೇರೆ. ಆದರೆ ಅಲಂಕಾರದಲ್ಲಿ ಹೂವು ಚುಚ್ಚಿಡಲು ಬಳಸುವ ಹಸಿರು ಫೋಮ್ ಒಂದು ಬಗೆಯ ಪ್ಲಾಸ್ಟಿಕ್. ಅದು ಮಣ್ಣಲ್ಲಿ ಕರಗದು, ಪುಡಿಯಾಗಿ ನೀರು ಸೇರುತ್ತದೆ. ಅದರ ಬದಲು ಬಾಳೆದಿಂಡಿನ ತುಂಡು ಬಳಸಿ. ದಿಂಡಿನಲ್ಲೇ ನೀರಿನಂಶ ಇರುವುದರಿಂದ ಹೂವು ಬೇಗ ಬಾಡುವುದಿಲ್ಲ. ಮದುವೆ ಮುಗಿದ ಮೇಲೆ ಹಸುವಿಗೆ ಮೇವೂ ಆದೀತು.