ಬಳೆಯ ಅಳತೆ, ಚಕ್ರದ ಅಳತೆ

ಕಾರಿನ ಚಕ್ರದ ಬಗ್ಗೆ ಬರೆಯಲು ಇವಳಿಗೇನು ಅಧಿಕಾರ ಎಂದು ನಮ್ಮ ಸಂಘದ ಹಿರಿಯರು ಹುಬ್ಬೇರಿಸಬಹುದು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಆಮೇಲೆ ಮೂವತ್ತು ವರ್ಷ ಗ್ರಾಂಟ್ ರೋಡಿನ ಎರಡು ಕೋಣೆಯ ಮನೆಯಲ್ಲಿ ಸಂಸಾರ ನಡೆಸಿದ ಗೃಹಿಣಿ ನಾನು. ಆದರೆ ನಮ್ಮ ಮನೆ ಇರುವ ಜಾಗವೇ ಅಂಥದು. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ದೂರ ನಡೆದರೆ ಚೋರ್ ಬಜಾರ್. ಹಳೆಯ ಗ್ರಾಮಾಫೋನು, ದೀಪದ ಗುಂಡು, ಸಿನಿಮಾ ಪೋಸ್ಟರುಗಳ ಜೊತೆಗೆ ಕಾರಿನ ಬಿಡಿಭಾಗಗಳೂ ಅಲ್ಲಿ ರಾಶಿ ಬಿದ್ದಿರುತ್ತವೆ. ಪಶ್ಚಿಮಕ್ಕೆ ಇಳಿದು ನಾನಾ ಚೌಕ ದಾಟಿದರೆ ತಾರ್ದೇವ್ ಆರ್.ಟಿ.ಓ. ಕಚೇರಿ. ಅಂದರೆ ಕಾರಿನ ಹುಚ್ಚು ಹಿಡಿಸುವ ಜಾಗವೂ ಆ ಹುಚ್ಚಿಗೆ ಕಾಯಿದೆ ತೋರಿಸುವ ಜಾಗವೂ ನಮಗೆ ನೆರೆಹೊರೆ. ಇದರ ನಡುವೆ ನನ್ನ ತಂಗಿಯ ಮಗ ಒಂದು ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್ ಕಾರು ಕೊಂಡ. ಅಲ್ಲಿಂದ ಶುರುವಾಯಿತು ನನ್ನ ಈ ವಿದ್ಯಾಭ್ಯಾಸ.

ಕಾರು ನೋಡಲು ಬಹಳ ಚಂದವಿತ್ತು, ಸುಳ್ಳು ಹೇಳಬಾರದು. ಹಿಂದಿನ ಮಾಲೀಕನೇ ಅದನ್ನು ತಗ್ಗಿಸಿದ್ದ. ಹದಿನೇಳು ಇಂಚಿನ ಅಲಾಯ್ ಚಕ್ರ, ಪಟ್ಟಿಯಂತೆ ತೆಳುವಾದ ಟೈರು, ಮೈಯೆಲ್ಲ ನೆಲಕ್ಕೆ ಒರಗಿದಂತೆ. "ದೊಡ್ಡಮ್ಮಾ, ಇದಕ್ಕೆ ಸ್ಟಾನ್ಸ್ ಅಂತಾರೆ" ಎಂದ. ಸ್ಪೋರ್ಟ್ಸ್ ಕಾರಿನ ಕಳೆ ಬರಬೇಕಾದರೆ ಹೀಗೆ ಇರಬೇಕಂತೆ. ಗಣಪತಿ ಹಬ್ಬಕ್ಕೆ ಅದರಲ್ಲೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಹೊರಟ. ಚಿಪ್ಳೂಣ್ ದಾಟುವಷ್ಟರಲ್ಲಿ ಹಿಂದಿನಿಂದ ಗರಗರ ಸದ್ದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಕಣಕವಲಿಯ ಒಬ್ಬ ಮಿಸ್ತ್ರಿ ನಾಲ್ಕೂ ಚಕ್ರ ಬಿಚ್ಚಿ ಸಾಲಾಗಿ ಇಟ್ಟು ತೋರಿಸಿದ. ಹಿಂದಿನ ಟೈರುಗಳ ಹೊರ ಅಂಚು ಮಡ್‌ಗಾರ್ಡಿನ ತುಟಿಗೆ ಉಜ್ಜಿ ಕತ್ತರಿಸಿತ್ತು. ಮುಂದಿನವು ಹೊರಗಿನಿಂದ ಹೊಸದರಂತಿದ್ದವು. ಒಳ ಅಂಚಿನಲ್ಲಿ ಮಾತ್ರ ರಬ್ಬರು ಸವೆದು ತಂತಿ ಕಾಣುತ್ತಿತ್ತು. ಇನ್ನೊಂದು ಘಾಟಿ ಇಳಿಯುವಾಗ ಅದು ಒಡೆದಿದ್ದರೆ? ನನ್ನ ತಂಗಿ ಈಗಲೂ ಆ ಮಾತು ಎತ್ತಿದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಹೊರಡುವ ಮುಂಚೆ ಉಪನಗರದ ಒಂದು ಅಂಗಡಿಯಲ್ಲಿ ಅವನು ಕಾರು ತೋರಿಸಿದ್ದ. "ಸಬ್ ಠೀಕ್ ಹೈ" ಎಂದು ಕಳಿಸಿದ್ದರು. ಹಾಗಾಗಿ ಮಕ್ಕಳೇ, ಅಂಗಡಿಯವನ ಬಾಯಿಮಾತು ಬಿಟ್ಟು ಲೆಕ್ಕವನ್ನು ನೀವೇ ಕಲಿಯಿರಿ. ಕಷ್ಟದ ಲೆಕ್ಕವಲ್ಲ.

ನಿಮ್ಮ ಅಮ್ಮಂದಿರು ಭುಲೇಶ್ವರದಲ್ಲಿ ಬಳೆ ಕೊಳ್ಳುವಾಗ "ಎರಡು ಆರು ಕೊಡಿ, ಎರಡು ಎಂಟು ಕೊಡಿ" ಎನ್ನುವುದನ್ನು ಕೇಳಿದ್ದೀರಿ. ಎರಡು ಆರು ಎಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಭಾಗ. ಟೈರಿನ ಮೈಮೇಲೆ ಬರೆದಿರುವುದೂ ಅಂಥದೇ ಗುಟ್ಟಿನ ಭಾಷೆ. ಸ್ವಿಫ್ಟಿನ ಮೇಲ್ದರ್ಜೆಯ ಮಾದರಿಗಳಿಗೆ ಕಂಪನಿ ಕೊಡುವ ಅಳತೆ 185/65 ಆರ್ 15. ಟೈರಿನ ಅಗಲ 185 ಮಿಲಿಮೀಟರ್. ಅದರ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65, ಅಂದರೆ ಸುಮಾರು 120 ಮಿ.ಮೀ. ರಿಮ್ಮಿನ ಅಡ್ಡಳತೆ 15 ಇಂಚು, ಅಂದರೆ 381 ಮಿ.ಮೀ. ರಿಮ್ಮಿಗೆ ಮೇಲಿನ ಗೋಡೆ, ಕೆಳಗಿನ ಗೋಡೆ ಎರಡನ್ನೂ ಕೂಡಿಸಿ: ಇಡೀ ಚಕ್ರದ ಎತ್ತರ 621 ಮಿ.ಮೀ.ಗೆ ಚೂರು ಮೇಲೆ.

ರಿಮ್ ದೊಡ್ಡದು ಮಾಡಿದರೂ ಈ ಒಟ್ಟು ಎತ್ತರ ಬದಲಾಗಬಾರದು; ಅದೇ ಮೂಲ ಸೂತ್ರ. 195/55 ಆರ್ 16 ಹಾಕಿದರೆ ಸುಮಾರು 621, ಬಹುತೇಕ ಅಷ್ಟೇ. 205/45 ಆರ್ 17 ಹಾಕಿದರೆ 616, ನೂರಕ್ಕೆ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಅದೇ 15 ಇಂಚಿನ ರಿಮ್ಮಿಗೆ ಚಂದಕ್ಕೆಂದು 195/55 ಹಾಕಿದರೆ ಎತ್ತರ 595ಕ್ಕೆ ಇಳಿಯುತ್ತದೆ. ಸ್ಪೀಡೋಮೀಟರು ನೂರು ತೋರಿಸುವಾಗ ಕಾರು ನಿಜಕ್ಕೂ 96ರ ಆಸುಪಾಸಿನಲ್ಲಿ ಇರುತ್ತದೆ.

ಹಾಗಾದರೆ ನಮ್ಮ ಹುಡುಗನ ಹದಿನೇಳು ಇಂಚು ಸರಿಯೇ ಇತ್ತಲ್ಲ ಎನ್ನುತ್ತೀರಿ. ಎತ್ತರ ಸರಿ ಇತ್ತು. ಆದರೆ ಬಳೆ ಕೈಗೆ ಹಿಡಿಸಿದರೆ ಸಾಲದು, ತೋಳಿನ ಅಂಚಿಗೆ ತಾಗಬಾರದು. ಇಲ್ಲಿ ಬರುತ್ತದೆ ಆಫ್‌ಸೆಟ್ ಎಂಬ ಸಂಗತಿ. ಅಲಾಯ್ ರಿಮ್ಮಿನ ಒಳಗೆ ಈಟಿ 45, ಈಟಿ 35 ಎಂದು ಕೆತ್ತಿರುತ್ತಾರೆ. ಜರ್ಮನರ 'ಐನ್‌ಪ್ರೆಸ್‌ಟೀಫೆ' ಎಂಬ ಉದ್ದ ಶಬ್ದದ ಮೊಟಕು ರೂಪ ಅದು. ಚಕ್ರವನ್ನು ಹಬ್ಬಿಗೆ ಬಿಗಿಯುವ ಮುಖ ಚಕ್ರದ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಆಚೆ ಇದೆ ಎಂಬ ಲೆಕ್ಕ. ಈ ಅಂಕಿ ಇಳಿದಷ್ಟೂ ಚಕ್ರ ಹೊರಗೆ ಚಾಚುತ್ತದೆ.

ಉದಾಹರಣೆಗೆ 6 ಇಂಚು ಅಗಲದ, ಈಟಿ 45ರ ರಿಮ್ ಇದ್ದಲ್ಲಿ 7 ಇಂಚು ಅಗಲದ, ಈಟಿ 35ರದು ಹಾಕಿದಿರಿ ಎನ್ನಿ. ಹೆಚ್ಚಾದ ಒಂದು ಇಂಚು ಒಳಗೆ ಅರ್ಧ, ಹೊರಗೆ ಅರ್ಧ: ತಲಾ 12.7 ಮಿ.ಮೀ. ಅದರ ಮೇಲೆ ಆಫ್‌ಸೆಟ್ ಹತ್ತು ಇಳಿದುದರಿಂದ ಇಡೀ ಚಕ್ರ ಹತ್ತು ಮಿ.ಮೀ. ಹೊರಗೆ. ಒಟ್ಟು ಹೊರ ಅಂಚು 22.7 ಮಿ.ಮೀ. ಚಾಚಿತು, ಹೆಚ್ಚುಕಡಿಮೆ ಒಂದು ಇಂಚು. ಎತ್ತರ ತಗ್ಗಿಸದ ಕಾರಾದರೆ ಇದು ಹೇಗೋ ನಡೆದೀತು. ತಗ್ಗಿಸಿದ ಕಾರಿನಲ್ಲಿ ಮಡ್‌ಗಾರ್ಡು ಟೈರಿನ ತಲೆಯ ಮೇಲೇ ಕೂತಿರುತ್ತದೆ. ಒಬ್ಬನೇ ಓಡಿಸುವಾಗ ತಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂತು, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಮೂಟೆಗಳು ತುಂಬಿದಾಗ ತಾಗುತ್ತದೆ. ಅಂಗಡಿಯಲ್ಲಿ ಖಾಲಿ ಕಾರನ್ನು ನೋಡಿ ಠೀಕ್ ಹೈ ಎನ್ನುವುದರಲ್ಲಿ ಇರುವ ಮೋಸ ಇದೇ. ನಾಲ್ವರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಉಬ್ಬು ಹತ್ತಿಸಿ ಇಳಿಸಿದರೆ ಮಾತ್ರ ನಿಜ ತಿಳಿಯುತ್ತದೆ.

ತಗ್ಗಿಸುವ ಬಗೆಯಲ್ಲೂ ಭೇದವಿದೆ. ಆ ಕಾರಿಗಾಗಿಯೇ ತಯಾರಿಸಿದ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು ಹಾಕಿಸುವುದು ಒಂದು ದಾರಿ, ದುಬಾರಿ. ಇದ್ದ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಬಿಡುವುದು ಇನ್ನೊಂದು, ಅಗ್ಗ. ನಮ್ಮ ಕಾರಿನಲ್ಲಿ ಆಗಿದ್ದು ಎರಡನೆಯದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡಸಾಗುತ್ತದೆ. ಚಕ್ರ ಗುಂಡಿಗೆ ಇಳಿದಾಗ ಕತ್ತರಿಸಿದ ಸ್ಪ್ರಿಂಗು ತನ್ನ ಪೀಠದಿಂದ ಸಡಿಲವಾಗಿ ಜಾರಬಹುದು. ಉದ್ದ ಸ್ಪ್ರಿಂಗಿಗೆಂದು ಮಾಡಿದ ಶಾಕ್ ಅಬ್ಸಾರ್ಬರು ಪ್ರತಿ ಹೊಂಡಕ್ಕೂ ತಳ ಮುಟ್ಟಿ ಕುಟ್ಟುತ್ತದೆ. ಇದನ್ನು ಹೇಗೆ ಹೇಳಿದರೂ ಕಡಿಮೆಯೇ: ಸ್ಪ್ರಿಂಗು ಕತ್ತರಿಸುವ ಮಿಸ್ತ್ರಿಯ ಅಂಗಳದಿಂದ ಕಾರನ್ನು ಹಿಂದಕ್ಕೆ ತನ್ನಿ.

ಇನ್ನು ಮುಂದಿನ ಟೈರಿನ ಒಳ ಅಂಚು. ಕಾರು ತಗ್ಗಿದಾಗ ಚಕ್ರದ ತಲೆ ಒಳಗೆ ವಾಲುತ್ತದೆ. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಜೊತೆಗೆ ಎರಡು ಚಕ್ರಗಳ ಮೂತಿ ನೇರ ಇರದೆ ಅತ್ತಿತ್ತ ತಿರುಗುತ್ತದೆ, ಅದು ಟೋ. ಟೈರು ತಿನ್ನುವುದರಲ್ಲಿ ಟೋ ಹೆಚ್ಚು ಹೊಟ್ಟೆಬಾಕ. ತಗ್ಗಿಸಿದ ಮೇಲೆ ಕಂಪ್ಯೂಟರಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಳಗಿಂದ ಸವೆಯುತ್ತದೆ, ನಿಂತು ನೋಡುವವರಿಗೆ ಕಾಣುವುದೇ ಇಲ್ಲ. ತಿಂಗಳಿಗೊಮ್ಮೆ ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟು, ಬಗ್ಗಿ, ಒಳ ಅಂಚಿನ ಮೇಲೆ ಟಾರ್ಚ್ ಬಿಡಿ. ಕಾರಿನ ಟೈರಿನ ಗೀರು 1.6 ಮಿ.ಮೀ. ಆಳಕ್ಕಿಂತ ಕಡಿಮೆ ಇರಬಾರದೆಂದು ನಿಯಮವೇ ಇದೆ.

ತಗ್ಗಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ, ರೇಸ್ ಕಾರುಗಳೆಲ್ಲ ತಗ್ಗಾಗಿರುವುದು ಅದಕ್ಕೇ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ ಕಾರು ತಗ್ಗಿಸುತ್ತಿದ್ದರಂತೆ. 1958ರಲ್ಲಿ ಕ್ಯಾಲಿಫೋರ್ನಿಯಾ, ರಿಮ್ಮಿನ ಕೆಳ ಅಂಚಿಗಿಂತ ತಗ್ಗಿದ ಕಾರುಗಳನ್ನು ನಿಷೇಧಿಸಿತು. ಆ ನಿಷೇಧ ತೆಗೆದದ್ದು 2024ರ ಜನವರಿಯಿಂದ. ಪರನಾಡಿಗೆ ಬಂದವರ ಮಕ್ಕಳಿಗೆ ತಮ್ಮದೊಂದು ಗುರುತು ಬೇಕೆನಿಸುವುದು ಎಲ್ಲ ಕಡೆಯೂ ಇದ್ದದ್ದೇ. ಹೋಟೆಲಿನಲ್ಲಿ ದುಡಿದು ನಿಮ್ಮನ್ನು ಓದಿಸಿದ ಅಪ್ಪಂದಿರು ಇದನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಆದರೆ ನಮ್ಮ ರಸ್ತೆ ಕ್ಯಾಲಿಫೋರ್ನಿಯಾದ್ದಲ್ಲ. ಈಗಿನ ಸ್ವಿಫ್ಟಿನ ಹೊಟ್ಟೆ ನೆಲದಿಂದ 163 ಮಿ.ಮೀ. ಮೇಲಿದೆ. ಐವತ್ತು ಇಳಿಸಿದರೆ ಉಳಿಯುವುದು 113. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಸರಿಯಾಗಿ ಕಟ್ಟಿದ ವೇಗತಡೆಯೇ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಸರಿಯಾಗಿ ಕಟ್ಟಿದ್ದು ಎಂದೆ. ನಮ್ಮ ಗಲ್ಲಿಗಳಲ್ಲಿ ರಾತ್ರೋರಾತ್ರಿ ಹುಟ್ಟುವ ದಿಬ್ಬಗಳ ಕಥೆ ಬೇರೆ. ಗೋಡೆ 120 ಮಿ.ಮೀ. ಇದ್ದ ಟೈರಿನ ಜಾಗಕ್ಕೆ 92 ಮಿ.ಮೀ.ಯದು ಬಂದರೆ ಮಳೆಗಾಲದ ಹೊಂಡದ ಏಟು ನೇರ ರಿಮ್ಮಿಗೆ ಬೀಳುತ್ತದೆ. ಅಗ್ಗದ ನಕಲಿ ಅಲಾಯ್ ಆದರೆ ಬಿರುಕು ಬಿಡುತ್ತದೆ.

ಭಾರ ಹೊರುವ ಶಕ್ತಿಯನ್ನೂ ನೋಡಿ. ಅಳತೆಯ ಪಕ್ಕದಲ್ಲಿ 88 ಎಂದಿದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ, 84 ಎಂದಿದ್ದರೆ 500 ಮಾತ್ರ. ಮೂಲ ಟೈರಿನ ಅಂಕಿಗಿಂತ ಕೆಳಗಿಳಿಯಬೇಡಿ. ಚೋರ್ ಬಜಾರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಟೈರು ಹೊತ್ತು ತರುವವರು 'ಡಾಟ್' ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನುಣುಪಾಗಿ ಕರಿ ಬಳಿದ ಮಾತ್ರಕ್ಕೆ ಅಜ್ಜಿ ಮದುಮಗಳಾಗುವುದಿಲ್ಲ.

ಕಾಯಿದೆಯ ಮಾತು ಚುಟುಕಾಗಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಪಘಾತವಾದಾಗ ವಿಮೆಯವರೂ ಇದನ್ನೇ ಹಿಡಿದು ಕೂರಬಹುದು. ಹಾಗಾಗಿ ನಿಮ್ಮ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಕೊಡುವ ಅಳತೆಯಲ್ಲಿ ನಿಲ್ಲುವುದು ಕ್ಷೇಮ. ನಮ್ಮ ಹುಡುಗ ಹಾಗೇ ಮಾಡಿದ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ ಕಂಪನಿಯದೇ ಹಾಕಿಸಿ, 15 ಇಂಚಿಗೆ ಮರಳಿದ. ಎರಡು ದಿನ ಮುಖ ಊದಿಸಿಕೊಂಡಿದ್ದ. ಈಗ ಅವನ ಗೆಳೆಯರಿಗೆ ಆಫ್‌ಸೆಟ್ ಪಾಠ ಹೇಳುವವನು ಅವನೇ.

ಹೊಸ ರಿಮ್ ಕೂರಿಸುವಾಗ ಇನ್ನೆರಡು ಸಂಗತಿ. ಸ್ವಿಫ್ಟಿಗೆ ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತದಲ್ಲಿ, ನಡುವಿನ ರಂಧ್ರ 54.1 ಮಿ.ಮೀ. ಹೊರಗಿನ ಅಲಾಯ್‌ಗಳ ರಂಧ್ರ ದೊಡ್ಡದಿರುತ್ತದೆ. ಆ ಸಂದಿಗೆ ಹಬ್ ರಿಂಗ್ ಹಾಕಿಸದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಕೂರಿಸಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. (ಈ ಶಬ್ದ ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯದು. 1904ರಲ್ಲಿ ಅಲ್ಲಿ ಬಿಡಿ ಚಕ್ರ ತಯಾರಿಸತೊಡಗಿದರು. ಇಂಗ್ಲಿಷರು ಮರೆತರೂ ನಮ್ಮ ಪಂಕ್ಚರ್‌ವಾಲಾಗಳು ಬಿಟ್ಟಿಲ್ಲ.) ಅಲಾಯ್ ಹಾಕಿಸಿದರೂ ಡಿಕ್ಕಿಯಲ್ಲಿರುವುದು ಹಳೆಯ ಉಕ್ಕಿನ ಚಕ್ರ. ಎರಡಕ್ಕೂ ನಟ್ಟಿನ ತಳದ ಆಕಾರ ಬೇರೆ ಇರಬಹುದು. ಅಂಗಡಿಯವನು ಬಿಚ್ಚಿದ ಹಳೆಯ ನಟ್ಟುಗಳನ್ನು ಕೇಳಿ ಪಡೆದು, ಒಂದು ಚೀಲದಲ್ಲಿ ಕಟ್ಟಿ, ಸ್ಟೆಪ್ನಿಯ ಜೊತೆಗೇ ಇಡಿ. ರಾತ್ರಿ ಹನ್ನೊಂದಕ್ಕೆ ಕಶೇಡಿ ಘಾಟಿಯಲ್ಲಿ ಆ ನಟ್ಟು ಎಲ್ಲೂ ಸಿಗುವುದಿಲ್ಲ.